ವೇದಿಕೆ ಇಳಿದ ಮೇಲಿನ ಭಾಷಣ

ಮಂಡ್ಯದಲ್ಲಿ ಚುನಾವಣಾ ಸಭೆ ನಡೆದ ಮರುದಿನ ‘ನಿನ್ನೆ ಅವರು ಹೇಳಿದ್ದು ಹೀಗೆ’ ಎಂದು ಹೋಟೆಲಿನಲ್ಲಿ ವಾದಿಸುವವರು, ಆ ಮಾತು ಎಲ್ಲೋ ಒಂದು ಕಡೆ ಬದಲಾಗದೆ ಕುಳಿತಿದೆ ಎಂದೇ ನಂಬಿರುತ್ತಾರೆ. ಈ ನಂಬಿಕೆ ಅರ್ಧ ಮಾತ್ರ ಸರಿ. ಭಾಷಣವು ಒಂದು ದಿನ, ಒಂದು ಜಾಗದಲ್ಲಿ ನಡೆದು ಮುಗಿಯುವ ಘಟನೆಯೂ ಹೌದು, ಕೇಳಿದವರ ನೆನಪಿನಲ್ಲಿ ವರ್ಷಗಟ್ಟಲೆ ಸಾಗುವ ಪ್ರಕ್ರಿಯೆಯೂ ಹೌದು.

1940ರ ಜೂನ್ 4ರಂದು ಚರ್ಚಿಲ್ ‘ಕಡಲ ತೀರಗಳಲ್ಲಿ ಹೋರಾಡುತ್ತೇವೆ’ ಎಂದದ್ದು ಬ್ರಿಟಿಷ್ ಸಂಸತ್ತಿನಲ್ಲಿ. ಅಲ್ಲಿಂದ ನೇರ ಪ್ರಸಾರವಿರಲಿಲ್ಲ. ಬಿಬಿಸಿಯ ವಾರ್ತಾವಾಚಕರು ಅದರ ಕೆಲವು ಭಾಗಗಳನ್ನು ಓದಿದರು. ಇಂದು ಚರ್ಚಿಲ್ ದನಿಯಲ್ಲಿ ನಾವು ಕೇಳುವ ಧ್ವನಿಮುದ್ರಣವಾದದ್ದು 1949ರಲ್ಲಿ. ಆದರೂ ಯುದ್ಧಕಾಲದಲ್ಲೇ ಆ ದನಿಯನ್ನು ರೇಡಿಯೊದಲ್ಲಿ ಕೇಳಿದ್ದಾಗಿ ಅನೇಕರು ನೆನೆಯುತ್ತಿದ್ದರು. ಅವರು ಸುಳ್ಳು ಹೇಳುತ್ತಿರಲಿಲ್ಲ.

ನೆನಪು ಕೆಲಸ ಮಾಡುವ ರೀತಿಯೇ ಅದು. ಕೇಂಬ್ರಿಜ್‌ನ ಮನೋವಿಜ್ಞಾನಿ ಫ್ರೆಡೆರಿಕ್ ಬಾರ್ಟ್ಲೆಟ್ ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಓದಿಸಿ, ಮತ್ತೆ ಮತ್ತೆ ಹೇಳಿಸಿದಾಗ, ಅಪರಿಚಿತ ವಿವರಗಳು ಉದುರಿ ಪರಿಚಿತವಾದವು ಸೇರಿಕೊಳ್ಳುತ್ತಿದ್ದವು. ಇದು 1932ರಲ್ಲಿ ಪ್ರಕಟವಾಯಿತು. ನರವಿಜ್ಞಾನಿ ಕರೀಂ ನಾಡರ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಒಳಕ್ಕೆ ಹೋಯಿತು: ಇಲಿಗಳಲ್ಲಿ ಗಟ್ಟಿಯಾಗಿದ್ದ ಭಯದ ನೆನಪೊಂದನ್ನು ಮರಳಿ ಎಬ್ಬಿಸಿದರೆ, ಅದು ಕೆಲಕಾಲ ಅಸ್ಥಿರವಾಗುತ್ತದೆ ಮತ್ತು ಮತ್ತೆ ನೆಲೆಗೊಳ್ಳಲು ಭಯಕ್ಕೆ ಸಂಬಂಧಿಸಿದ ಮಿದುಳಿನ ಭಾಗವಾದ ಅಮಿಗ್ಡಲದಲ್ಲಿ ಹೊಸದಾಗಿ ಪ್ರೋಟೀನ್ ತಯಾರಾಗಬೇಕಾಗುತ್ತದೆ. ಆಲೆಮನೆಯ ಅಚ್ಚುಬೆಲ್ಲವನ್ನು ಕರಗಿಸಿ ಬೇರೆ ಅಚ್ಚಿಗೆ ಸುರಿದಂತೆ: ಬೆಲ್ಲ ಹಳೆಯದೇ, ಆಕಾರ ಹೊಸದು, ಕರಗಿದ್ದಾಗ ಬಿದ್ದ ಕಸವೂ ಅದರಲ್ಲೇ ಉಳಿಯುತ್ತದೆ. ಮನುಷ್ಯರ ನೆನಪು ಇಲಿಯದಕ್ಕಿಂತ ಜಟಿಲ, ನಿಜ. ಆದರೆ ಭಾಷಣವನ್ನು ನೆನೆಯುವವನು ಅದನ್ನು ಪುನಃ ಕಟ್ಟುತ್ತಿರುತ್ತಾನೆ ಎಂಬುದರಲ್ಲಿ ಸಂಶಯವಿಲ್ಲ. ಇದರ ಮೇಲೆ ಪುನರಾವರ್ತನೆಯ ಪ್ರಭಾವ ಬೇರೆ: ಪದೇ ಪದೇ ಕೇಳಿದ ಹೇಳಿಕೆ, ಸುಳ್ಳಾಗಿದ್ದರೂ, ಹೆಚ್ಚು ನಿಜವೆನಿಸುತ್ತದೆ ಎಂದು 1977ರಲ್ಲೇ ತೋರಿಸಲಾಗಿದೆ.

ಆಡಿದ ಮಾತು ಒಂದು, ಕೇಳಿದವರಲ್ಲಿ ಉಳಿಯುವುದು ಇನ್ನೊಂದು ಎಂಬುದು ಮೈಸೂರಿಗೆ ಹೊಸ ವಿಷಯವಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯ 144 ಸದಸ್ಯರ ಮುಂದೆ ಮಾತನಾಡಿದಾಗ, ಕೆಲವೇ ವರ್ಷಗಳ ಹಿಂದಿನ ಭೀಕರ ಬರಗಾಲವನ್ನು ಕಂಡುಂಡವರು ಅಲ್ಲಿದ್ದರು. ಅನಂತರ ದಸರೆಯ ಸಂದರ್ಭದ ದಿವಾನರ ಭಾಷಣಗಳು ಅಚ್ಚಾದವು. ಇಂದಿನ ಸಂಶೋಧಕರು ಅವುಗಳಲ್ಲಿ ರೈಲು, ಕಂದಾಯದ ಅಂಕಿಗಳನ್ನು ಹುಡುಕುತ್ತಾರೆ. ಹಸಿವನ್ನು ಕಂಡ ಸದಸ್ಯನ ಕಿವಿಗೆ ಬಿದ್ದದ್ದು ಆ ಅಂಕಿಗಳಷ್ಟೇ ಆಗಿರಲಾರದು.

ಆದುದರಿಂದ ಮೊಬೈಲಿಗೆ ಬಂದ ತುಣುಕನ್ನು ನಂಬುವ ಮೊದಲು ಪೂರ್ಣ ಧ್ವನಿಮುದ್ರಣವನ್ನು ಹುಡುಕಿ, ತುಣುಕಿನ ಹಿಂದಿನ ಮತ್ತು ಮುಂದಿನ ವಾಕ್ಯಗಳನ್ನು ಕೇಳಬೇಕು. ಚಪ್ಪಾಳೆ ಬಿದ್ದ ಜಾಗವನ್ನೂ ಗಮನಿಸಬೇಕು. ಮೂರು ಅಂಶಗಳನ್ನು ಸಾಲಾಗಿ ಹೇಳಿದಾಗ, ಎರಡನ್ನು ಎದುರುಬದುರು ನಿಲ್ಲಿಸಿದಾಗ ಜನ ಸುಲಭವಾಗಿ ಚಪ್ಪಾಳೆ ತಟ್ಟುತ್ತಾರೆಂದು ರಾಜಕೀಯ ಭಾಷಣಗಳನ್ನು ಅಧ್ಯಯನ ಮಾಡಿದ ಮ್ಯಾಕ್ಸ್ ಅಟ್ಕಿನ್ಸನ್ 1984ರಲ್ಲಿ ವಿವರಿಸಿದ್ದಾರೆ. ಕತ್ತರಿಸಿ ಹಂಚುವವರು ಮೊದಲು ಕೈಹಾಕುವುದು ಬಹುಪಾಲು ಅಂಥ ವಾಕ್ಯಗಳಿಗೇ.