ದೊಡ್ಡ ಪಾಮ್ ಗಿಡಕ್ಕೆ ಕುಂಡ ಬದಲಿಸೋದು ಯಾವಾಗ, ಹೇಗೆ?

ಪ್ರಶ್ನೆ: ನಮ್ಮ ಸಿಟ್‌ಔಟ್‌ನಲ್ಲಿ ಅರೆಕಾ ಪಾಮ್ ಇದೆ. ಆರೇಳು ಅಡಿ ಬೆಳೆದಿದೆ. ಕುಂಡ 14 ಇಂಚಿನದು. ತಳದ ತೂತಿನಿಂದ ಬೇರು ಹೊರಗೆ ಬಂದಿದೆ, ಗರಿಗಳ ತುದಿ ಒಣಗಿ ಕಂದು ಬಣ್ಣಕ್ಕೆ ತಿರುಗಿದೆ. ಪದೇ ಪದೇ ಬದಲಿಸುವ ತಾಪತ್ರಯವೇ ಬೇಡ ಅಂತ ಒಂದೇ ಸಲ 24 ಇಂಚಿನ ಕುಂಡ ತರೋಣ ಅಂದುಕೊಂಡಿದ್ದೇವೆ. ಸರೀನಾ? (ಬೆಂಗಳೂರಿನ ಓದುಗರೊಬ್ಬರು)

ಉತ್ತರ: 24 ಇಂಚಿನದು ಬೇಡ. ಬದಲಿಸಲೇಬೇಕು ಅಂತಾದರೆ 16 ಇಂಚಿನದು ಸಾಕು. ಆದರೆ ಬದಲಿಸಲೇಬೇಕಾ ಅನ್ನೋದನ್ನು ಮೊದಲು ನೋಡಿ. ಪಾಮ್ ವಿಷಯದಲ್ಲಿ ಎಷ್ಟೋ ಸಲ ಹೊಸ ಕುಂಡ ಬೇಕಾಗಿರೋದು ಗಿಡಕ್ಕಲ್ಲ, ನಮ್ಮ ಸಮಾಧಾನಕ್ಕೆ.

ಗರಿಯ ತುದಿ ಒಣಗೋದಕ್ಕೂ ಕುಂಡಕ್ಕೂ ಸಾಮಾನ್ಯವಾಗಿ ಸಂಬಂಧ ಇರುವುದಿಲ್ಲ. ಕಾರಣ ನೀರು. ಬೋರ್‌ವೆಲ್ ನೀರಿನ ಉಪ್ಪಿನಂಶ ಮಣ್ಣಿನಲ್ಲಿ ಸೇರುತ್ತಾ ಹೋಗುತ್ತದೆ, ಅದರ ಪೆಟ್ಟು ಮೊದಲು ಕಾಣುವುದು ಗರಿಯ ತುದಿಯಲ್ಲಿ. ಕುಂಡದ ಅಂಚಿನಲ್ಲಿ, ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟಿದೆಯಾ ನೋಡಿ. ಕಟ್ಟಿದ್ದರೆ ಇದೇ ಸಮಸ್ಯೆ. ಆರ್‌ಓ ಫಿಲ್ಟರ್‌ನಿಂದ ಹೊರಗೆ ಹೋಗುವ ನೀರನ್ನು ಸುಮ್ನೆ ಯಾಕೆ ಚೆಲ್ಲೋದು ಅಂತ ಗಿಡಕ್ಕೆ ಹಾಕುವವರು ತುಂಬಾ ಜನ. ನೆಲ ಒರೆಸೋಕೆ ಬಳಸಿ, ಪಾಮ್‌ಗೆ ಮಾತ್ರ ಬೇಡ. ನಲ್ಲಿ ನೀರಿಗಿಂತ ಅದರಲ್ಲಿ ಉಪ್ಪು ಜಾಸ್ತಿ. ಮಳೆಗಾಲದಲ್ಲಿ ಕುಂಡವನ್ನು ಮಳೆಗೆ ಒಡ್ಡಿದರೆ ಸೇರಿಕೊಂಡ ಉಪ್ಪು ತೊಳೆದು ಹೋಗುತ್ತದೆ. ಒಣಗಿದ ತುದಿ ಮತ್ತೆ ಹಸಿರಾಗುವುದಿಲ್ಲ, ಹೊಸ ಗರಿ ಚೆನ್ನಾಗಿ ಬಂದರೆ ಆಯಿತು.

ತೂತಿನಿಂದ ಇಣುಕುವ ಬೇರಿಗೂ ಗಾಬರಿ ಬೇಡ. ಪಾಮ್ ಬೇರು ಕೆಳಗೆ ಇಳಿಯುವಂಥದ್ದೇ. ಇಕ್ಕಟ್ಟು ಅದಕ್ಕೆ ಅಷ್ಟೇನೂ ಕಷ್ಟವಲ್ಲ. ಬದಲಿಸುವ ಹೊತ್ತು ಬಂದಿದೆ ಅಂತ ಹೇಳುವ ಗುರುತುಗಳು ಬೇರೆ. ಹಾಕಿದ ನೀರು ಮಣ್ಣಿಗೆ ಇಳಿಯದೆ ಕುಂಡದ ಬದಿಯಿಂದ ಜಾರಿ ತಟ್ಟೆಗೆ ಬರುತ್ತದೆ. ಬೆಳಿಗ್ಗೆ ಹಾಕಿದ್ದು ಸಂಜೆಗೆ ಒಣಗುತ್ತದೆ. ಬೇರಿನ ಮುದ್ದೆ ಇಡಿಯಾಗಿ ಮೇಲೆದ್ದು ನೀರು ನಿಲ್ಲೋಕೆ ಜಾಗವೇ ಇರುವುದಿಲ್ಲ. ಪ್ಲಾಸ್ಟಿಕ್ ಕುಂಡವಾದರೆ ಉಬ್ಬುತ್ತದೆ, ಮಣ್ಣಿನದಾದರೆ ಬಿರುಕು ಬಿಡುತ್ತದೆ. ಇವುಗಳಲ್ಲಿ ಎರಡು ಕಂಡರೂ ಕೆಲಸಕ್ಕೆ ಕೈ ಹಾಕಬಹುದು.

ಈಗ 24 ಇಂಚು ಯಾಕೆ ಬೇಡ ಅನ್ನೋದಕ್ಕೆ ಸ್ವಲ್ಪ ಲೆಕ್ಕ. ಅದೇ ಆಕಾರದ ಕುಂಡ 14 ಇಂಚಿನಿಂದ 16ಕ್ಕೆ ಹೋದರೆ ಅದರಲ್ಲಿ ಹಿಡಿಯುವ ಮಣ್ಣು ಒಂದೂವರೆ ಪಟ್ಟು ಆಗುತ್ತದೆ. 24ಕ್ಕೆ ಹೋದರೆ ಐದು ಪಟ್ಟು! ಬೇರು ಇರುವುದು ನಡುವಿನ ಒಂದು ಪಾಲಿನಲ್ಲಿ ಮಾತ್ರ. ಉಳಿದ ನಾಲ್ಕು ಪಾಲು ಮಣ್ಣಿನ ನೀರನ್ನು ಹೀರುವವರೇ ಇಲ್ಲ. ಅದು ದಿನಗಟ್ಟಲೆ ಹಸಿಯಾಗೇ ಇರುತ್ತದೆ, ಗಾಳಿಯಾಡುವುದಿಲ್ಲ, ಬೇರು ಕೊಳೆಯುತ್ತದೆ. ಮೇಲೆ ಒಣಗಿದ ಹಾಗೆ ಕಾಣುವುದರಿಂದ ನಾವು ಇನ್ನೊಂದು ಮಗ್ಗು ಸುರಿಯುತ್ತೇವೆ. ಸಾಲದ್ದಕ್ಕೆ ಅಷ್ಟು ದೊಡ್ಡ ಕುಂಡ ಒದ್ದೆ ಮಣ್ಣು ತುಂಬಿಕೊಂಡರೆ ನೂರು ಕಿಲೋ ದಾಟುತ್ತದೆ. ಒಮ್ಮೆ ಇಟ್ಟ ಮೇಲೆ ಗುಡಿಸೋಕೂ ಸರಿಸಲು ಆಗುವುದಿಲ್ಲ. ಬಾಲ್ಕನಿಯಾದರೆ ಇನ್ನೂ ಯೋಚಿಸಬೇಕು.

ಇನ್ನು ಬೇರಿನ ವಿಷಯ. ಜನ ಜಾಸ್ತಿ ಎಡವುವುದು ಇಲ್ಲೇ. ರೀಪಾಟಿಂಗ್ ವಿಡಿಯೋಗಳಲ್ಲಿ ಬೇರಿನ ಮುದ್ದೆಯನ್ನು ಕೈಯಿಂದ ಬಿಡಿಸಿ, ಸುತ್ತಿಕೊಂಡ ಬೇರನ್ನು ಕತ್ತರಿಸಿ ಅಂತ ಹೇಳುತ್ತಾರೆ. ಆಲ, ಅತ್ತಿ, ಮಾವಿನ ಜಾತಿಯ ಗಿಡಗಳಿಗೆ ಅದು ಸರಿ. ಅವುಗಳ ಬೇರು ವರ್ಷ ಕಳೆದಂತೆ ದಪ್ಪವಾಗುತ್ತದೆ, ಸುತ್ತಿಕೊಂಡ ಬೇರು ಮುಂದೆ ಬುಡವನ್ನೇ ಬಿಗಿಯುತ್ತದೆ. ಪಾಮ್ ಹಾಗಲ್ಲ. ಮಡಗಾಸ್ಕರ್ ಮೂಲದ ಅರೆಕಾ ಪಾಮ್ ನಮ್ಮ ತೆಂಗು, ಅಡಿಕೆಯ ದಾಯಾದಿ. ತೆಂಗಿನ ಬುಡ ಅಗೆದವರಿಗೆ ಗೊತ್ತು: ತಾಯಿಬೇರು ಇರುವುದಿಲ್ಲ, ಒಂದೇ ದಪ್ಪದ ನೂರಾರು ಬೇರು ಬುಡದಿಂದ ಹೊರಡುತ್ತವೆ. ಹುಟ್ಟಿದಾಗ ಎಷ್ಟು ದಪ್ಪವೋ ಕೊನೆವರೆಗೂ ಅಷ್ಟೇ. ಆದ್ದರಿಂದ ಸುತ್ತಿಕೊಂಡ ಬೇರು ಪಾಮ್‌ನ ಬುಡವನ್ನು ಬಿಗಿಯುವ ಭಯವಿಲ್ಲ. ಕತ್ತರಿಸಿದರೆ ಮಾತ್ರ ನಷ್ಟ.

ನಷ್ಟ ಎಷ್ಟು ಅನ್ನೋದು ಜಾತಿಯ ಮೇಲೆ ಹೋಗುತ್ತದೆ. ಫ್ಲಾರಿಡಾದಲ್ಲಿ ರಸ್ತೆ ಬದಿಗೆ ದೊಡ್ಡ ದೊಡ್ಡ ಪಾಮ್ ಮರಗಳನ್ನೇ ಕಿತ್ತು ತಂದು ನೆಡುತ್ತಾರೆ. ಹಾಗಾಗಿ ಅಲ್ಲಿಯ ವಿಶ್ವವಿದ್ಯಾಲಯದವರು 1980ರ ದಶಕದಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ತೆಂಗಿನಲ್ಲಿ ಕತ್ತರಿಸಿದ ಬೇರುಗಳಲ್ಲಿ ಸುಮಾರು ಅರ್ಧದಷ್ಟು ಮತ್ತೆ ಕವಲೊಡೆದವು. ಅಲ್ಲಿಯದೇ ಸಾಬಲ್ ಪಾಮ್‌ನಲ್ಲಿ ಕತ್ತರಿಸಿದ ಬೇರು ಹೆಚ್ಚುಕಮ್ಮಿ ಎಲ್ಲವೂ ಸತ್ತವು, ಮರ ಬುಡದಿಂದ ಹೊಸ ಬೇರು ಬಿಟ್ಟುಕೊಂಡೇ ಬದುಕಬೇಕಾಯಿತು. ಮನೆಯ ಗಿಡಕ್ಕೆ ಯಾಕೆ ಆ ಪರೀಕ್ಷೆ? ಕಪ್ಪಾಗಿ ಮೆತ್ತಗೆ ಕೊಳೆತ ಬೇರು ಇದ್ದರೆ ಅದನ್ನು ಮಾತ್ರ ತೆಗೆಯಿರಿ. ಉಳಿದದ್ದನ್ನು ಮುಟ್ಟಬೇಡಿ.

ಕಾಲ ಯಾವುದು? ಪಾಮ್ ಬೇರು ಓಡುವುದು ಮಣ್ಣು ಬೆಚ್ಚಗಿದ್ದಾಗ. ಬೆಂಗಳೂರು, ಮೈಸೂರು ಕಡೆ ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ ಒಳ್ಳೆ ಸಮಯ. ಕಲಬುರಗಿ, ರಾಯಚೂರಿನ ಬಿಸಿಲಲ್ಲಿ ಮೇ ತಿಂಗಳು ಬೇಡವೇ ಬೇಡ, ಮೊದಲ ಮಳೆ ಬಿದ್ದು ತಂಪಾಗಲಿ. ಕರಾವಳಿಯವರು ಮಳೆಗೆ ಮುಂಚೆ ಮುಗಿಸಿ, ಕುಂಡವನ್ನು ಸೂರಿನಡಿ ಇಡಬೇಕು. ಡಿಸೆಂಬರ್, ಜನವರಿಯ ಚಳಿಯಲ್ಲಿ ಎಲ್ಲಿಯವರೂ ಕೈ ಹಾಕುವುದು ಬೇಡ.

ಕುಂಡ ಆರಿಸುವಾಗ ಹೊಟ್ಟೆ ದೊಡ್ಡದು, ಬಾಯಿ ಚಿಕ್ಕದು ಇರುವ ಚೆಂದದ ಆಕಾರಕ್ಕೆ ಮರುಳಾಗಬೇಡಿ. ಮುಂದೆ ಗಿಡ ಹೊರಗೆ ತೆಗೆಯಬೇಕಾದರೆ ಅದನ್ನು ಒಡೆಯಲೇಬೇಕು. ಫ್ರಾನ್ಸಿನ ವರ್ಸೈ ಅರಮನೆಯವರು ಈ ತಲೆನೋವನ್ನು ಹಳೇ ಕಾಲದಲ್ಲೇ ಬಗೆಹರಿಸಿಕೊಂಡಿದ್ದರು: ಕಿತ್ತಳೆ, ಪಾಮ್ ಗಿಡಗಳನ್ನು ಬದಿಯ ಹಲಗೆ ತೆಗೆಯಲು ಬರುವ ಮರದ ಪೆಟ್ಟಿಗೆಯಲ್ಲಿ ಬೆಳೆಸುತ್ತಾರೆ. ನಮಗೆ ಅಗ್ಗದ ದಾರಿ ಅಂದರೆ ಗ್ರೋ ಬ್ಯಾಗ್, ಬದಿ ಕೊಯ್ದರೆ ಮುಗಿಯಿತು. ಆದರೆ ಹಗುರ ಕುಂಡದಲ್ಲಿ ಏಳಡಿ ಗಿಡ ಇಟ್ಟರೆ ಆಷಾಢದ ಗಾಳಿಗೆ ಮಗುಚುತ್ತದೆ. ಗಾಳಿ ಬೀಸುವ ಕಡೆ ಇರುವುದಾದರೆ ಮಣ್ಣಿನದೋ ಸಿಮೆಂಟಿನದೋ ಒಳ್ಳೆಯದು.

ಮಣ್ಣಿನ ಮಿಶ್ರಣ ಕೆಂಪು ಮಣ್ಣು, ಕೋಕೋಪೀಟ್, ದಪ್ಪ ಮರಳು ಸಮಸಮ, ಅದಕ್ಕೆ ಅರ್ಧ ಪಾಲು ಎರೆಗೊಬ್ಬರ. ಬರೀ ಕೆಂಪು ಮಣ್ಣು ಹಾಕಿದರೆ ಕುಂಡದಲ್ಲಿ ಗಟ್ಟಿಯಾಗಿ ಕೂರುತ್ತದೆ. ಎಂ-ಸ್ಯಾಂಡ್ ಹಾಕುವುದಾದರೆ ಜರಡಿ ಹಿಡಿದು ಪುಡಿ ತೆಗೆಯಿರಿ. ಕೋಕೋಪೀಟನ್ನು ಒಂದೆರಡು ಸಲ ತೊಳೆದರೆ ಅದರ ಉಪ್ಪು ಹೋಗುತ್ತದೆ. ಪೂರ್ತಿ ಕಳಿಯದ ಸಗಣಿ ಗೊಬ್ಬರ ಬೇಡ, ಅದರ ಜೊತೆ ಗೊಣ್ಣೆಹುಳ ಬಂದರೆ ಬೇರು ತಿನ್ನುತ್ತದೆ. ತಳಕ್ಕೆ ಜಲ್ಲಿಯ ಪದರ ಹಾಕುವ ರೂಢಿ ಇದೆಯಲ್ವಾ? ಅದರಿಂದ ನೀರು ಬೇಗ ಬಸಿಯುವುದಿಲ್ಲ. ನೀರು ಜಲ್ಲಿಗೆ ಇಳಿಯುವ ಮೊದಲು ಅದರ ಮೇಲಿನ ಮಣ್ಣಿನಲ್ಲೇ ತಂಗುತ್ತದೆ, ಬೇರಿಗೆ ಸಿಗುವ ಜಾಗವೂ ಕಡಿಮೆಯಾಗುತ್ತದೆ. ತೂತಿನ ಮೇಲೆ ಒಂದು ಹೆಂಚಿನ ಚೂರು ಇಟ್ಟರೆ ಸಾಕು.

ಕೆಲಸಕ್ಕೆ ಇಬ್ಬರು ಬೇಕು. ಹಿಂದಿನ ದಿನ ಚೆನ್ನಾಗಿ ನೀರು ಹಾಕಿ. ಗರಿಗಳನ್ನೆಲ್ಲ ಮೇಲಕ್ಕೆ ಒಟ್ಟು ಮಾಡಿ ಹಳೇ ಪಂಚೆಯಿಂದ ಸಡಿಲವಾಗಿ ಕಟ್ಟಿ. ಸುಳಿ ಮುರಿಯದ ಹಾಗೆ ನೋಡಿಕೊಳ್ಳಿ, ಮುರಿದರೆ ಆ ಕಾಂಡದ ಕಥೆ ಅಲ್ಲಿಗೆ ಮುಗಿಯಿತು. ಹೊರಗೆ ಬಂದ ಬೇರು ತೂತಿನಲ್ಲಿ ಸಿಕ್ಕಿಕೊಂಡಿದ್ದರೆ ಪ್ಲಾಸ್ಟಿಕ್ ಕುಂಡವನ್ನೇ ಕತ್ತರಿಸಿ, ಕುಂಡಕ್ಕಿಂತ ಬೇರು ದುಬಾರಿ. ಇಲ್ಲವಾದರೆ ಉದ್ದನೆ ಚಾಕುವನ್ನು ಒಳಗೋಡೆಗೆ ತಾಗಿಸಿ ಒಂದು ಸುತ್ತು ಆಡಿಸಿ, ಗೋಣಿಚೀಲದ ಮೇಲೆ ಕುಂಡವನ್ನು ಮೆಲ್ಲಗೆ ಮಲಗಿಸಿ. ಒಬ್ಬರು ಬೇರಿನ ಮುದ್ದೆ ಹಿಡಿದುಕೊಳ್ಳಲಿ, ಇನ್ನೊಬ್ಬರು ಕುಂಡವನ್ನು ಹಿಂದಕ್ಕೆ ಎಳೆಯಲಿ. ಗಿಡವನ್ನು ಕಾಂಡ ಹಿಡಿದು ಜಗ್ಗಬಾರದು.

ಹೊಸ ಕುಂಡದಲ್ಲಿ ಬುಡ ಮೊದಲಿದ್ದ ಮಟ್ಟಕ್ಕೇ ಬರಬೇಕು. ಗಟ್ಟಿಯಾಗಿ ನಿಲ್ಲಲಿ ಅಂತ ಆಳಕ್ಕೆ ಇಳಿಸಿದರೆ ಕಾಂಡ ಕೊಳೆಯುತ್ತದೆ. ಹೆಸರಿಗೆ ಒಂದೇ ಗಿಡವಾದರೂ ನರ್ಸರಿಯವರು ಕುಂಡವೊಂದಕ್ಕೆ ಹಲವು ಸಸಿ ಕೂಡಿಸಿರುತ್ತಾರೆ, ಹಾಗಾಗಿ ಎಲ್ಲ ಕಾಂಡಗಳ ಬುಡವನ್ನೂ ನೋಡಿ. ಬದಿಗೆ ಮಣ್ಣು ತುಂಬುತ್ತಾ ಕೋಲಿನಿಂದ ಮೆಲ್ಲಗೆ ಇಳಿಸಿ, ಒಳಗೆ ಪೊಳ್ಳು ಉಳಿಯಬಾರದು. ಮೇಲೆ ಎರಡು ಇಂಚು ಬಿಟ್ಟು, ತಳದಿಂದ ಹರಿಯುವಷ್ಟು ನೀರು ಹಾಕಿ.

ಆಮೇಲೆ ಮೂರು ನಾಲ್ಕು ವಾರ ನೇರ ಬಿಸಿಲು ಬೇಡ. ಬೆರಳು ಒಳಗಿಟ್ಟು ನೋಡಿ, ಮೇಲಿನ ಒಂದೆರಡು ಇಂಚು ಒಣಗಿದ್ದರೆ ಮಾತ್ರ ನೀರು. ಗೊಬ್ಬರಕ್ಕೆ ಒಂದೂವರೆ ತಿಂಗಳು ರಜೆ. ಕೆಳಗಿನ ಒಂದೆರಡು ಗರಿ ಹಳದಿಯಾದರೆ ಹೆದರಬೇಡಿ, ಪೂರ್ತಿ ಒಣಗುವ ಮುಂಚೆ ಕತ್ತರಿಸಲೂ ಬೇಡಿ. ಹಳೇ ಗರಿಯಲ್ಲಿರುವ ಪೊಟ್ಯಾಶ್ ಅನ್ನು ಗಿಡ ಹೊಸ ಗರಿಗೆ ಎಳೆದುಕೊಳ್ಳುತ್ತಿರುತ್ತದೆ. ಸುಳಿ ಮಂಕಾಗಿ, ಮೆಲ್ಲಗೆ ಎಳೆದರೆ ಕಿತ್ತು ಬಂದರೆ ಮಾತ್ರ ಕೊಳೆ ಹಿಡಿದಿದೆ ಅಂತ ಅರ್ಥ.

ಗಿಡ ಎತ್ತಲಾಗದಷ್ಟು ದೊಡ್ಡದಾಗಿದ್ದರೆ ಕುಂಡ ಬದಲಿಸುವುದನ್ನೇ ಬಿಡಬಹುದು. ವರ್ಷಕ್ಕೊಮ್ಮೆ ಮೇಲಿನ ಎರಡು ಮೂರು ಇಂಚು ಮಣ್ಣನ್ನು ಬೇರಿಗೆ ಏಟಾಗದಂತೆ ಕೆದಕಿ ತೆಗೆದು, ಹೊಸ ಮಿಶ್ರಣ ತುಂಬಿದರೆ ಅದೇ ಕುಂಡದಲ್ಲಿ ವರ್ಷಗಟ್ಟಲೆ ಚೆನ್ನಾಗಿರುತ್ತದೆ. ಗುಂಪನ್ನು ಸೀಳಿ ಎರಡು ಕುಂಡ ಮಾಡುವ ಆಸೆ ಹಲವರಿಗೆ. ರಾಪಿಸ್ ಪಾಮ್ ಅದನ್ನು ತಡೆದುಕೊಳ್ಳುತ್ತದೆ. ದೊಡ್ಡ ಅರೆಕಾದಲ್ಲಿ ಬೇರು ಹೆಣೆದುಕೊಂಡಿರುತ್ತದೆ, ಬೇರ್ಪಡಿಸುವಾಗ ಎರಡೂ ಕಡೆ ಸೊರಗುತ್ತದೆ.

ನಿಮ್ಮ ಸಿಟ್‌ಔಟ್‌ನ ತಾರಸಿ ಎಷ್ಟು ಎತ್ತರ ಅಂತ ಬರೆದಿಲ್ಲ. ಅದನ್ನೂ ಲೆಕ್ಕ ಹಾಕಿ. ಬೇರಿಗೆ ಜಾಗ ಸಿಕ್ಕರೆ ಗಿಡ ಇನ್ನೂ ಮೇಲಕ್ಕೆ ಹೋಗುತ್ತದೆ, ಪಾಮ್‌ನ ತಲೆ ಕತ್ತರಿಸಿ ಗಿಡ್ಡ ಮಾಡಲು ಬರುವುದಿಲ್ಲ. ಒಂಬತ್ತು ಅಡಿಯ ತಾರಸಿಯಾದರೆ ಈಗಿನ 14 ಇಂಚಿನಲ್ಲೇ ಬಿಟ್ಟು, ಮೇಲ್ಮಣ್ಣು ಬದಲಿಸುತ್ತಾ, ತಾರಸಿಗೆ ತಾಗುವ ಕಾಂಡವನ್ನು ಮಾತ್ರ ಬುಡಕ್ಕೆ ಕತ್ತರಿಸಿ ತೆಗೆಯಿರಿ. ಪಕ್ಕದ ಗಿಡ್ಡ ಕಾಂಡಗಳು ಆ ಜಾಗ ತುಂಬುತ್ತವೆ.