ನಾಲೆ ಏರಿ ರಸ್ತೆಯಾದ ಬಗೆ

2018ರ ನವೆಂಬರ್ 24, ಶನಿವಾರ. ಅರ್ಧ ದಿನದ ಶಾಲೆ ಮುಗಿಸಿದ ಮಕ್ಕಳೂ ಇದ್ದ ಖಾಸಗಿ ಬಸ್ಸು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ವಿಶ್ವೇಶ್ವರಯ್ಯ ನಾಲೆಗೆ ಉರುಳಿತು. 30 ಜನ ಸತ್ತರು. ಚಾಲಕನ ಬಗ್ಗೆ ಬೇಕಾದಷ್ಟು ಮಾತಾಯಿತು. ಆದರೆ ಆ ಅಂಚಿನಲ್ಲಿ ತಡೆಗೋಡೆ ಏಕಿರಲಿಲ್ಲ ಎಂದು ಕೇಳಿದರೆ ನಾಲೆ ಹುಟ್ಟಿದ ಕಾಲಕ್ಕೇ ಹೋಗಬೇಕಾಗುತ್ತದೆ.

ಕನ್ನಂಬಾಡಿ ಕಟ್ಟೆಯಿಂದ ಹೊರಡುವ ಇದರ ಮೊದಲ ಹೆಸರು ಇರ್ವಿನ್ ನಾಲೆ. 1930ರ ದಶಕದ ಆರಂಭದಲ್ಲಿ ಹುಲಿಕೆರೆ ಸುರಂಗ ಹಾದು ಮಂಡ್ಯದ ಬಯಲಿಗೆ ನೀರು ಬಂತು. ರಾಗಿ ಹೊಲಗಳು ಗದ್ದೆಗಳಾದವು, 1933ರಲ್ಲಿ ಸಕ್ಕರೆ ಕಾರ್ಖಾನೆಯೂ ಶುರುವಾಯಿತು. ನಾಲೆಯ ಏರಿ ಆಗ ಇದ್ದದ್ದು ತಪಾಸಣೆಗೆ ಬರುವ ಇಂಜಿನಿಯರಿಗೆ, ತೂಬು ನೋಡಿಕೊಳ್ಳುವ ಸೌಡಿಗೆ. ಅವರ ಓಡಾಟಕ್ಕೆ ತಡೆಗೋಡೆಯ ಅಗತ್ಯ ಇರಲಿಲ್ಲ.

ಆದರೆ ಏರಿ ಸಮತಟ್ಟು, ನೇರ ಗದ್ದೆಗೇ ಹೋಗುತ್ತದೆ. ಮೊದಲು ಕಬ್ಬಿನ ಗಾಡಿ ಬಂತು, ಆಮೇಲೆ ಟ್ರ್ಯಾಕ್ಟರ್, ಬೈಕು, ಕಾರು, ಬಸ್ಸು. ನನ್ನ ಪ್ರಕಾರ ದೊಡ್ಡ ತಪ್ಪು ನಡೆದದ್ದು ಇಂಥ ಏರಿಗಳಿಗೆ ಡಾಂಬರು ಬಿದ್ದಾಗ. ಮಣ್ಣಿನ ಗುಂಡಿಗಳಲ್ಲಿ ವಾಹನ ತಾನಾಗಿಯೇ ನಿಧಾನವಾಗುತ್ತಿತ್ತು. ಡಾಂಬರು ಬಂದ ಮೇಲೆ ವೇಗ ಏರಿತು, ಏರಿಯ ಅಗಲ ಮಾತ್ರ ಹಾಗೇ ಉಳಿಯಿತು. ಎದುರಿನಿಂದ ಕಬ್ಬು ಹೇರಿದ ಟ್ರೈಲರ್ ಬಂದರೆ ಒಬ್ಬರು ನೀರಿನ ಅಂಚಿಗೆ ಸರಿಯಲೇಬೇಕು. ತಿರುವಿನಲ್ಲಿ ಆಳೆತ್ತರದ ಕಬ್ಬು ಬೆಳೆದಿದ್ದರೆ ಎದುರಿಗೆ ಬರುವುದೇ ಕಾಣದು. ರಾತ್ರಿ ದೀಪವಿಲ್ಲ. ಸಿಮೆಂಟ್ ಲೈನಿಂಗ್ ಆದ ಕಡೆ ಈಜು ಬಲ್ಲವನಿಗೂ ಜಾರುವ ಇಳಿಜಾರು ಹತ್ತಿ ಬರುವುದು ಕಷ್ಟ.

ಇದರ ಹೊಣೆ ಯಾರದು? ನಾಲೆ ಕಾವೇರಿ ನೀರಾವರಿ ನಿಗಮದ್ದು, ಅದರ ಕೆಲಸ ನೀರು ಹರಿಸುವುದು. ಓಡಾಡುವ ಜನರಿಗೆ ಅದು ಊರಿನ ರಸ್ತೆ. ಈ ಎರಡರ ನಡುವೆ ತಡೆಗೋಡೆಯ ಕೆಲಸ ತುಂಡು ತುಂಡಾಗಿಯೇ ನಡೆಯಿತು. 2023ರ ಜುಲೈಯಲ್ಲಿ ಇದೇ ನಾಲೆಗೆ ಕಾರು ಬಿದ್ದು ನಾಲ್ವರು ಮಹಿಳೆಯರು ತೀರಿಕೊಂಡರು. ನವೆಂಬರಿನಲ್ಲಿ ಬನಘಟ್ಟದ ಬಳಿ ಇನ್ನೊಂದು ಕಾರು ಬಿತ್ತು, ಐವರು ಹೋದರು. ಕನಗನಮರಡಿಯ ಸಾವುಗಳಾಗಿ ಆಗಲೇ ಹೆಚ್ಚುಕಡಿಮೆ ಐದು ವರ್ಷವಾಗಿತ್ತು. ಇದನ್ನು ಬರೀ ಚಾಲಕರ ತಪ್ಪೆಂದು ಒಪ್ಪಲು ನನ್ನಿಂದಾಗದು.

ಕಾನೂನೂ ಹಾಗೆನ್ನುವುದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 198ಎ ಕಲಮಿನ ಪ್ರಕಾರ, ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಸಂಭವಿಸಿದರೆ ಸಂಬಂಧಪಟ್ಟ ಪ್ರಾಧಿಕಾರಕ್ಕೆ, ಗುತ್ತಿಗೆದಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಜೀವದ ಮುಂದೆ ಆ ಮೊತ್ತ ಏನೂ ಅಲ್ಲ, ಆದರೆ ಹೊಣೆ ಯಾರದೆಂದು ಕೇಳಲು ಅದೊಂದು ದಾರಿ. ಬೇಸಿಗೆಯಲ್ಲಿ ನಾಲೆಗೆ ನೀರು ನಿಲ್ಲಿಸುವ ವಾರಗಳಿವೆ. ಅಷ್ಟರೊಳಗೆ ಪ್ರತಿ ಗ್ರಾಮ ಪಂಚಾಯಿತಿ ತನ್ನ ಗಡಿಯ ತಿರುವುಗಳನ್ನು ಪಟ್ಟಿ ಮಾಡಿ ನಿಗಮಕ್ಕೆ ಲಿಖಿತವಾಗಿ ಕೊಡಲಿ, ಮೊದಲ ತಡೆಗೋಡೆ ಆ ತಿರುವುಗಳಲ್ಲೇ ಏಳಲಿ.