ಕೋರ್ಸ್ ಬಿಟ್ಟು ಟೀಚರ್ ಆಗುವುದಾ?

ಮೇ ತಿಂಗಳು ಬಂತೆಂದರೆ ನನ್ನ ಟೇಬಲಿನ ಎದುರು ಇಂಥವರು ಒಬ್ಬಿಬ್ಬರಾದರೂ ಕೂತಿರುತ್ತಾರೆ. ಉಡುಪಿಯ ಒಂದು ಬಿ.ಎಡ್. ಕಾಲೇಜಿನಲ್ಲಿ ಗಣಿತ ಬೋಧನೆ ಕಲಿಸುವವಳು ನಾನು. ಈ ಸಲ ಬಂದದ್ದು ಒಬ್ಬ ಹುಡುಗಿ ಮತ್ತು ಅವಳ ಅಪ್ಪ. "ಇಂಜಿನಿಯರಿಂಗ್ ಎರಡು ವರ್ಷ ಮುಗೀತು ಮೇಡಂ. ಈಗ ಬಿಟ್ಟು ಟೀಚರ್ ಆಗ್ತೇನೆ ಹೇಳ್ತಾಳೆ. ಎಂಥ ಮಾಡುದು ಇವಳಿಗೆ?" ಅಪ್ಪನ ದನಿಯಲ್ಲಿ ಸಿಟ್ಟಿಗಿಂತ ಸುಸ್ತು ಜಾಸ್ತಿ ಇತ್ತು.

ಇಂಥವರನ್ನು ನಾನು ಮೊದಲು ಕೇಳುವುದು ಎರಡೇ. ಯಾವ ವಿಷಯ? ಯಾವ ತರಗತಿ? ಹೆಚ್ಚಿನವರು ಸುಮ್ನೆ "ಟೀಚರ್" ಎಂದಷ್ಟೇ ಯೋಚಿಸಿರುತ್ತಾರೆ. ಕೋರ್ಸ್ ಬಿಡಬೇಕೋ ಬೇಡವೋ ಎಂಬುದು ನಿಂತಿರುವುದೇ ಇದರ ಮೇಲೆ.

ಒಂದರಿಂದ ಐದನೇ ತರಗತಿಗೆ ಬೇಕಾದದ್ದು ಪಿಯುಸಿ ನಂತರದ ಎರಡು ವರ್ಷದ ಶಿಕ್ಷಕ ತರಬೇತಿ ಡಿಪ್ಲೊಮಾ, ಅಂದರೆ ಡಿ.ಎಲ್.ಎಡ್. ನಮ್ಮ ಕಡೆ ಈಗಲೂ ಡಿ.ಎಡ್. ಎಂದೇ ಹೇಳುತ್ತಾರೆ. ಬಿ.ಎಡ್. ಇದ್ದರೆ ಸಾಕು ಎನ್ನುವ ಕಾಲ 2023ರ ಆಗಸ್ಟ್‌ನ ಸುಪ್ರೀಂ ಕೋರ್ಟ್ ತೀರ್ಪಿನೊಂದಿಗೆ ಮುಗಿಯಿತು. ಹೈಸ್ಕೂಲಿಗೆ ಡಿಗ್ರಿಯ ಮೇಲೆ ಎರಡು ವರ್ಷದ ಬಿ.ಎಡ್. ಪಿಯು ಕಾಲೇಜಿಗೆ ಎಂ.ಎ., ಎಂ.ಎಸ್ಸಿ. ಜೊತೆಗೆ ಬಿ.ಎಡ್. ಡಿಗ್ರಿ ಕಾಲೇಜಿನ ದಾರಿಯೇ ಬೇರೆ. ಅಲ್ಲಿ ಸ್ನಾತಕೋತ್ತರದಲ್ಲಿ 55% ಮತ್ತು ನೆಟ್ ಅಥವಾ ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆ ಪಾಸಾಗಿರುವುದನ್ನು ಕೇಳುತ್ತಾರೆ, ಬಿ.ಎಡ್. ಬೇಕಿಲ್ಲ.

ಮಕ್ಕಳು ಎಡವುವುದು ಹೈಸ್ಕೂಲಿನ ವಿಷಯದಲ್ಲಿ. ಅಲ್ಲಿ ಡಿಗ್ರಿಯಲ್ಲಿ ಓದಿದ ಐಚ್ಛಿಕ ವಿಷಯ ನೋಡುತ್ತಾರೆ. ಸರಕಾರಿ ನೇಮಕಾತಿಯಲ್ಲಿ ಪಿಸಿಎಂ (ಭೌತ, ರಸಾಯನ, ಗಣಿತ), ಸಿಬಿಝೆಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಎಂದೇ ಹುದ್ದೆ ಬೇರೆ ಬೇರೆ ಇರುತ್ತದೆ. ಬಿ.ಕಾಂ. ಓದುತ್ತಾ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ಆಸೆ ಇಟ್ಟುಕೊಂಡವರಿಗೆ, ಅದೂ ಮೊದಲ ವರ್ಷದಲ್ಲಿದ್ದರೆ, ಬಿ.ಎ.ಗೆ ಹೋಗಿ ಎಂದೇ ಹೇಳುತ್ತೇನೆ. ಬದಲಾಯಿಸಲೇಬೇಕಾದ ಕೇಸು ಅದು.

ಈ ಹುಡುಗಿಯದ್ದು ಹಾಗಲ್ಲ. ಬಿ.ಇ.ಯಲ್ಲಿ 55% ಇದ್ದವರಿಗೆ ಬಿ.ಎಡ್. ಪ್ರವೇಶಕ್ಕೆ ನಿಯಮದಲ್ಲೇ ಅವಕಾಶ ಉಂಟು. ಈಗ ಬಿಟ್ಟು ಬಿ.ಎಸ್ಸಿ. ಸೇರಿದರೆ ಮೂರು ವರ್ಷ, ಮತ್ತೆ ಬಿ.ಎಡ್. ಎರಡು. ಒಟ್ಟು ಐದು. ಉಳಿದ ಎರಡು ವರ್ಷ ಮುಗಿಸಿ ಬಿ.ಎಡ್. ಮಾಡಿದರೆ ನಾಲ್ಕು. ಲೆಕ್ಕ ಹಾಕಿ ಕಾಗದ ಅಪ್ಪನ ಕಡೆ ತಿರುಗಿಸಿದೆ. ಆದರೆ ಸರಕಾರಿ ಕೆಲಸದ ಮೇಲೆ ಕಣ್ಣಿದ್ದರೆ ಹಿಂದಿನ ನೋಟಿಫಿಕೇಶನ್ ತೆಗೆದು, ಆ ಹುದ್ದೆಗೆ ಬಿ.ಇ. ನಡೆಯುತ್ತದಾ ಎಂದು ಸಾಲು ಸಾಲಾಗಿ ಓದಬೇಕು. ಪಕ್ಕದ ಮನೆಯವರು ಹೇಳಿದ್ದು ಲೆಕ್ಕಕ್ಕಿಲ್ಲ. (ಪಿಯುಸಿ ಈಗಷ್ಟೇ ಮುಗಿಸಿದ ತಮ್ಮ, ತಂಗಿ ಮನೆಯಲ್ಲಿದ್ದರೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ಬಗ್ಗೆ ಹೇಳಿ. ಅಲ್ಲಿ ಡಿಗ್ರಿ, ಬಿ.ಎಡ್. ಸೇರಿ ನಾಲ್ಕೇ ವರ್ಷ.)

ಇಷ್ಟಾದ ಮೇಲೆ ಡ್ರಾಯರಿನಿಂದ ಒಂದು ಹಳೆಯ ಉತ್ತರ ಪತ್ರಿಕೆ ತೆಗೆದೆ. ಏಳನೇ ತರಗತಿಯ ಹುಡುಗ 1/2 + 1/3 = 2/5 ಎಂದು ಬರೆದಿದ್ದಾನೆ. "ಎಂಥ ಮಾಡ್ತಿ ಇದಕ್ಕೆ?"

ನನ್ನ ಹತ್ತಿರ ಬಂದವರಲ್ಲಿ ಹೆಚ್ಚಿನವರು ತಕ್ಷಣ ಲಸಾಅ ತೆಗೆಯುವುದು ಹೇಗೆಂದು ವಿವರಿಸಲು ಶುರು ಮಾಡುತ್ತಾರೆ. ಚೆನ್ನಾಗಿಯೇ ವಿವರಿಸುತ್ತಾರೆ, ನನಗೇ! ಈ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಮೇಲಿನದ್ದು ಮೇಲಿನದಕ್ಕೆ, ಕೆಳಗಿನದ್ದು ಕೆಳಗಿನದಕ್ಕೆ ಕೂಡಿಸಿದ್ದಾನೆ ಅಲ್ವಾ ಮೇಡಂ? ಅರ್ಧ ತೆಂಗಿನಕಾಯಿಗೆ ಇನ್ನೊಂದು ಚೂರು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಆಗ್ತದಾ ಅಂತ ಅವನನ್ನೇ ಕೇಳಬಹುದು" ಎಂದಳು. ಅಪ್ಪ ಮೊದಲ ಸಲ ಅವಳ ಮುಖ ನೋಡಿದರು.

ಒಂದು ತೆಂಗಿನಕಾಯಿಯಿಂದ ಜೀವನ ನಿರ್ಧಾರ ಮಾಡಲು ಆಗುವುದಿಲ್ಲ, ನನಗೂ ಗೊತ್ತು. ಅದಕ್ಕೇ ಶಾಲೆಗೆ ಕಳಿಸುತ್ತೇನೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ 94% ಪಡೆದು ರಾಜ್ಯಕ್ಕೇ ಮೊದಲು ಬಂದಾಗ ಎಲ್ಲರೂ ಚಪ್ಪಾಳೆ ಹೊಡೆದರು. ಜನವರಿಯಿಂದ ಸಂಜೆ ಕ್ಲಾಸು ತೆಗೆದು ಬಳಲಿದ ಟೀಚರುಗಳನ್ನು ಯಾರೂ ನೋಡಿರುವುದಿಲ್ಲ. ಹತ್ತಿರದ ಸರಕಾರಿ ಹೈಸ್ಕೂಲಿನ ಹೆಡ್ಮಾಸ್ಟರನ್ನು ಕೇಳಿ ಅಲ್ಲಿ ಸಹಾಯಕ್ಕೆ ನಿಲ್ಲಿ. ಒಂದೇ ಪಾಠವನ್ನು ಎ ಸೆಕ್ಷನ್‌ಗೂ ಬಿ ಸೆಕ್ಷನ್‌ಗೂ ಮಾಡಿ. ಮೊದಲ ಸಲದ ಖುಷಿ ಎಲ್ಲರಿಗೂ ಇರುತ್ತದೆ. ಎರಡನೇ ಸಲ ನಿಮಗೇ ಆಕಳಿಕೆ ಬಂತಾ, ಅದನ್ನು ಗಮನಿಸಿ. ಸ್ಟಾಫ್ ರೂಮಿನಲ್ಲಿ ಕೂತು ಅತಿಥಿ ಶಿಕ್ಷಕರ ಹತ್ತಿರ ಸಂಬಳದ ಮಾತೂ ಕೇಳಿಕೊಳ್ಳಿ. ನಾಚಿಕೆ ಬೇಡ. ಕಾಯಂ ಹುದ್ದೆಯ ಕರೆ ವರ್ಷವರ್ಷ ಬರುವಂಥದ್ದಲ್ಲ. 2022ರಲ್ಲಿ 6ರಿಂದ 8ನೇ ತರಗತಿಗೆ 15,000 ಹುದ್ದೆ ಕರೆದದ್ದನ್ನು ಜನ ಈಗಲೂ ನೆನಪಿಸುತ್ತಾರೆ. ಆ ಹುದ್ದೆಗೆ ಟಿಇಟಿಯೂ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸಾಗಿರಬೇಕು. ಸಾಮಾನ್ಯ ವರ್ಗಕ್ಕೆ 150ರಲ್ಲಿ 90 ಅಂಕ. ಒಮ್ಮೆ ಪಾಸಾದರೆ ಜೀವನಪೂರ್ತಿ ನಡೆಯುತ್ತದೆ, ಅದೊಂದು ಸಮಾಧಾನ.

"ಕಟ್ಟಿದ ಫೀಸು ಹೋಯ್ತಲ್ಲ" ಎಂದು ಅಪ್ಪ ಹೋಗುವಾಗ ಇನ್ನೊಮ್ಮೆ ಹೇಳಿದರು. ಹೌದು, ಹೋಯಿತು. ಅವಳು ಇಂಜಿನಿಯರ್ ಆದರೂ ಅದು ವಾಪಸ್ ಬರುವುದಿಲ್ಲವಲ್ಲ ಮಾರಾಯ್ರೆ ಎಂದೆ. ನಕ್ಕರು.

ಹುಡುಗಿ ಕಾಲೇಜು ಬಿಡಲಿಲ್ಲ. ಊರಿನ ಹೈಸ್ಕೂಲಿನಲ್ಲಿ ಸಂಜೆ ಕ್ಲಾಸಿಗೆ ಹೋಗುತ್ತಿದ್ದಾಳೆ. ಕಳೆದ ವಾರ ಒಂದು ಫೋಟೋ ಕಳಿಸಿದ್ದಳು, ಯಾರದೋ ನೋಟ್‌ಬುಕ್ಕಿನದು. ಕೆಳಗೆ ಬರೆದಿದ್ದಳು: "ಇದು ಹೇಗೆ ಬಂತು ಅಂತ ಎರಡು ದಿನದಿಂದ ನೋಡ್ತಾ ಇದ್ದೇನೆ ಮೇಡಂ, ಗೊತ್ತಾಗ್ತಾ ಇಲ್ಲ."